ಹೊರಸಿನ ಮೇಲೆ ಬಿಚ್ಚಿಟ್ಟ ಡ್ಯಾಶ್‌ಬೋರ್ಡು

1949ರ ಆಗಸ್ಟ್ ತಿಂಗಳ ಒಂದು ಸೋಮವಾರ, ಕಲ್ಯಾಣದ ಕೋಟೆಯ ಹಿಂದಿನ ಓಣಿಯ ಒಂದು ಅಂಗಳದಲ್ಲಿ, ಇಂಗ್ಲೆಂಡಿನಲ್ಲಿ ತಯಾರಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನ ಡ್ಯಾಶ್‌ಬೋರ್ಡನ್ನು ಪೂರ್ತಿಯಾಗಿ ಬಿಚ್ಚಿ, ನೂಲು ಹೆಣೆದ ಹೊರಸಿನ ಮಂಚದ ಮೇಲೆ ಇಡಲಾಯಿತು. ಬಿಚ್ಚಿದವರು ಊರಿನ ಮೋಟಾರು ಮೇಸ್ತ್ರಿ. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ನಾನು ಪಕ್ಕದಲ್ಲಿದ್ದೆ.

ಈಗ ಬಸವಕಲ್ಯಾಣ ಎನ್ನುವ ಊರು ಆಗ ನಮ್ಮ ಬಾಯಲ್ಲಿ ಬರೀ ಕಲ್ಯಾಣ. ಕಾರು ಉಸ್ತಾದರದಲ್ಲ. ಹುಮನಾಬಾದಿನ ಬಸ್ ಡಿಪೋಕ್ಕೆ ಆ ವರ್ಷ ಹೊಸದಾಗಿ ಬಂದ ಇಂಜಿನಿಯರ್ ಸಾಹೇಬರದು. ಅವರು ಮೈಸೂರು ಕಡೆಯವರು. 1947ರಲ್ಲಿ ಸಿಕಂದರಾಬಾದಿನ ದಂಡು ಬಿಟ್ಟು ತನ್ನ ದೇಶಕ್ಕೆ ಹೊರಟ ಒಬ್ಬ ಇಂಗ್ಲಿಷ್ ಅಧಿಕಾರಿಯಿಂದ ಅದನ್ನು ಕೊಂಡಿದ್ದರು. ಹಸಿರು ಬಣ್ಣ, ಉದ್ದನೆಯ ಮೂತಿ, ಸೈಕಲ್ಲಿನ ಹಾಗೆ ತಂತಿ ಕಡ್ಡಿಗಳ ಚಕ್ರ, ಮೊಣಕೈ ಊರುವಷ್ಟು ಕೆಳಗೆ ಕೊರೆದ ಬಾಗಿಲು. ಅದು ಹುಮನಾಬಾದಿನ ಬಜಾರಿಗೆ ಬಂದರೆ ಅಡತಿ ಅಂಗಡಿಗಳಲ್ಲಿ ತಕ್ಕಡಿ ನಿಲ್ಲುತ್ತಿತ್ತು. ಡಿಪೋದಲ್ಲಿ ಟಿಕೆಟ್ ಗುಮಾಸ್ತನಾಗಿದ್ದ ನಾನು ದಿನವೂ ಅದನ್ನು ನೋಡುತ್ತಿದ್ದೆ. ನೋಡಿದ್ದು ಬಣ್ಣವನ್ನು, ಚಕ್ರವನ್ನು. ಒಳಗಿನ ಮೀಟರುಗಳನ್ನು ನೋಡಿರಲಿಲ್ಲ. ಈ ಸಂಗತಿ ಮುಂದೆ ಬೇಕಾಗುತ್ತದೆ.

ಹಿಂದಿನ ದಿನ, ಭಾನುವಾರ, ಸಾಹೇಬರು ಬಸ್ ನಿಲ್ದಾಣಕ್ಕೆ ಜಾಗ ನೋಡಲೆಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ, ತಮ್ಮ ಪೆಟ್ಟಿಗೆಯನ್ನು ಕೂರಿಸಿಕೊಂಡು ಕಲ್ಯಾಣಕ್ಕೆ ಹೊರಟರು. ನಾನು ಹಿಂದಿನ ಬಸ್ಸಿನಲ್ಲಿ ಬಂದೆ. ದಾರಿಯಲ್ಲಿ ಮಳೆ ಹಿಡಿಯಿತು. ಕಾರಿನ ಮೇಲ್ಹೊದಿಕೆ ಹರಿದಿತ್ತು. ಊರು ಇನ್ನು ಎರಡು ಮೂರು ಮೈಲಿ ಇರುವಾಗ ಹಳ್ಳ ತುಂಬಿ ಹರಿಯುತ್ತಿತ್ತು. ಸಾಹೇಬರು ನಿಲ್ಲಿಸಲಿಲ್ಲ. ಬಸ್ಸು ಅಲ್ಲಿಗೆ ಬಂದಾಗ ಕಾರು ಹಳ್ಳದ ನಡುವೆ ಇತ್ತು, ಸಾಹೇಬರು ಸೀಟಿನ ಬೆನ್ನಿನ ಮೇಲೆ ಕುಳಿತು ಕೊಡೆ ಹಿಡಿದಿದ್ದರು. ಎತ್ತು ಕಟ್ಟಿ ಎಳೆಸಿ, ಉಸ್ತಾದರ ಅಂಗಳಕ್ಕೆ ತಂದೆವು.

ಸ್ಪಾರ್ಕ್ ಪ್ಲಗ್ಗುಗಳನ್ನು ಒಣಗಿಸಿದ ಮೇಲೆ ಇಂಜಿನ್ ಎದ್ದಿತು. ಡ್ಯಾಶ್‌ಬೋರ್ಡು ಮಾತ್ರ ಸತ್ತಿತ್ತು. ಪ್ಲೈವುಡ್ ಹಲಗೆ ನೀರು ಕುಡಿದು ಉಬ್ಬಿತ್ತು, ಮೇಲಿನ ರೆಕ್ಸಿನ್ ಕಿತ್ತು ಬಂದಿತ್ತು. ಮೀಟರುಗಳ ಗಾಜಿನ ಒಳಗೆ ಕೆಸರು ನೀರು ಸೇರಿ, ಮುಳ್ಳು ಕಾಣುತ್ತಿರಲಿಲ್ಲ, ಅಂಕಿ ಕಾಣುತ್ತಿರಲಿಲ್ಲ.

ಸಾಹೇಬರು ಉಸ್ತಾದರ ಕಡೆ ನೋಡಿದರು. ಉಸ್ತಾದರು ಡಿಪೋದಲ್ಲಿ ಹೆಡ್ ಮೇಸ್ತ್ರಿಯ ಕೆಲಸ ಕೇಳಿಕೊಂಡು ಎರಡು ಸಲ ಹುಮನಾಬಾದಿಗೆ ಬಂದು ಹೋಗಿದ್ದರು. ಯುದ್ಧದ ಕಾಲದಲ್ಲಿ ಸಿಕಂದರಾಬಾದಿನ ಮಿಲಿಟರಿ ಕಾರ್ಖಾನೆಯಲ್ಲಿ ಕೆಲಸ ಮಾಡಿದ ಸರ್ಟಿಫಿಕೇಟು ಅವರಲ್ಲಿತ್ತು. ಹಿಂದಿನ ವರ್ಷ ಸೆಪ್ಟೆಂಬರಿನಲ್ಲಿ, ಪೊಲೀಸ್ ಕಾರ್ಯಾಚರಣೆಯ ಗದ್ದಲದಲ್ಲಿ, ಹುಮನಾಬಾದ್ ರಸ್ತೆಯ ಅವರ ಷೆಡ್ಡು ಸುಟ್ಟುಹೋಯಿತು. ಸರ್ಟಿಫಿಕೇಟು ಅದರೊಳಗಿತ್ತು. ಯಾರು ಸುಟ್ಟರು ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

"ಕಾಗದ ಇಲ್ಲದಿದ್ದರೂ ಪರವಾಗಿಲ್ಲ," ಎಂದರು ಸಾಹೇಬರು. "ಇದನ್ನು ಪೂರ್ತಿ ಬಿಚ್ಚಿ. ಹೊಸ ಹಲಗೆ ಮಾಡಿಸಿ. ಎಲ್ಲಾ ಮೀಟರೂ ನಡೆಯೋ ಹಾಗೆ ಮತ್ತೆ ಕೂರಿಸಿ. ನಾನು ಹೈದರಾಬಾದಿಗೆ ಹೋಗಿ ಶುಕ್ರವಾರ ಸಾಯಂಕಾಲ ಹುಮನಾಬಾದಿಗೆ ಬರ್ತೀನಿ. ಗಾಡಿ ಅಲ್ಲಿರಲಿ. ಇದೇ ನಿಮ್ಮ ಪರೀಕ್ಷೆ."

ನನಗೆ ಬೇರೆ ಮಾತು ಹೇಳಿದರು. "ನೀನು ಇಲ್ಲೇ ಇರು. ಏನಾಯ್ತು ಅನ್ನೋದನ್ನ ನೋಡಿಕೊಂಡು ಬಂದು ಹೇಳು. ನಿನಗೇನನ್ನಿಸ್ತು ಅನ್ನೋದು ಬೇಡ."

ಅವರು ಹೋದ ಮೇಲೆ ಉಸ್ತಾದರು ನನ್ನನ್ನು ಮನೆಯೊಳಗೆ ಚಹಾಕ್ಕೆ ಕರೆದರು. ಬಾಗಿಲ ಬಳಿ ಹಗ್ಗ ಕಟ್ಟಿದ ಕಬ್ಬಿಣದ ಪೆಟ್ಟಿಗೆ ಇತ್ತು. ಊರಿಗೆ ಹೊರಟಿದ್ದೀರಾ ಎಂದು ಕೇಳಿದೆ.

"ಹೆಂಡತಿ ತಮ್ಮ ಹೈದರಾಬಾದಿನ್ಯಾಗ ಇದ್ದಾನ. ಬಾ ಬಾ ಅಂತ ಕರಿಯಾಕತ್ತಾನ. ಡಿಪೋ ನೌಕರಿ ಆದ್ರ ಪೆಟ್ಟಿಗಿ ಬಿಚ್ಚತೀವಿ. ಆಗದಿದ್ರ ಶನಿವಾರ ಹೊಂಡತೀವಿ," ಎಂದರು ಉಸ್ತಾದರು.

ಒಳಗಿನಿಂದ ಅವರ ತಾಯಿಯ ದನಿ ಬಂತು. "ನೀ ಹೊಂಡು. ನಾ ಹೊಂಡೂದಿಲ್ಲ. ನಿಮ್ಮಪ್ಪನ ಗೋರಿ ಇಲ್ಲೇ ಅದ. ಅದಕ್ಕ ಹಗ್ಗಾ ಕಟ್ಟಿ ಒಯ್ತೀ ಏನು?"

ಉಸ್ತಾದರು ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿದರು.

ಸೋಮವಾರ ಬಿಸಿಲು ಬಿದ್ದಿತು. ಅಂಗಳದ ಒಂದು ಬದಿಗೆ ಬೇವಿನ ಮರ, ಇನ್ನೊಂದು ಬದಿಗೆ ಬಾವಿ. ನಡುವೆ ಕಾರು. ಉಸ್ತಾದರು ಮನೆಯಿಂದ ಹೊರಸು ತಂದು ಕಾರಿನ ಮುಂದೆ ಅಡ್ಡ ಹಾಕಿದರು. ಅವರು ಕೆಲಸ ಮಾಡುವ ರೀತಿಯೇ ಅದು. ಬಿಚ್ಚಿದ್ದನ್ನೆಲ್ಲ ಹೊರಸಿನ ಮೇಲೆ, ಗಾಡಿಯಲ್ಲಿ ಹೇಗಿತ್ತೋ ಹಾಗೆ ಇಡುವುದು. ನೂಲಿನ ಹೆಣಿಗೆಯ ಕಣ್ಣುಗಳಲ್ಲಿ ತಿರುಪು ನಿಲ್ಲುತ್ತದೆ, ಉರುಳುವುದಿಲ್ಲ. ಲಾರಿಯ ಇಂಜಿನ್ನನ್ನೂ ಹೀಗೇ ಬಿಚ್ಚಿಟ್ಟು ಕೂರಿಸಿದ್ದೇನೆ ಎಂದರು.

"ಬೇಂವಿನಗಿಡದ ಕಡಿ ಇರೂದು ಡ್ರೈವರ್ ಬದಿ. ಬಾವಿ ಕಡಿ ಇರೂದು ಬಾಜೂ ಸೀಟು. ತಮ್ಮಾ, ನೀನೂ ನೆನಪಿಡು."

ನೆನಪಿಟ್ಟೆ.

ಮೊದಲು ಬ್ಯಾಟರಿಯ ತಂತಿ ಕಳಚಿದರು. ಆಮೇಲೆ ಸೀಟಿನ ಬೆನ್ನಿನ ಮೇಲೆ ಕಾಲು ಹಾಕಿ, ತಲೆ ಕೆಳಗೆ ಮಾಡಿ, ಡ್ಯಾಶ್‌ಬೋರ್ಡಿನ ಅಡಿಗೆ ನುಸುಳಿದರು. ಹೊರಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ಅಷ್ಟರಲ್ಲಿ ಬಡಿಗೇರ ಕಾಕಾ ಬಂದರು. ಹೊಸ ಹಲಗೆ ಮಾಡಬೇಕಾದವರು ಅವರು. ಊರಿನ ಅರ್ಧ ಕದಗಳು, ಭಜನೆಯ ತಂಬೂರಿಗಳು ಅವರ ಕೈಯವು. ಉಸ್ತಾದರ ಬಾಲ್ಯದ ಗೆಳೆಯ. ಕಾರಿನ ಸುತ್ತ ಒಂದು ಸುತ್ತು ಬಂದು ಪಾದಗಳ ಮುಂದೆ ನಿಂತರು.

"ಯಾರ ಪಾದಪ್ಪಾ ಇವು? ನಮಸ್ಕಾರ ಮಾಡ್ಲೋ, ಚಿವುಟ್ಲೋ?"

"ಬಡಿಗ್ಯಾ, ಮಾತು ಬಿಟ್ಟು ದಾರ ಕೊಡು," ಎಂದವು ಪಾದಗಳು.

ದಾರ ಎಂದರೆ ಉಸ್ತಾದರ ಹೆಂಡತಿಯ ಹೊಲಿಗೆಯ ದಾರ. ಪ್ರತಿ ವಿದ್ಯುತ್ ತಂತಿ ಬಿಚ್ಚುವ ಮೊದಲು ತಂತಿಗೂ ಅದು ಕೂರುವ ತಿರುಪಿಗೂ ಒಂದೇ ಬಣ್ಣದ ದಾರ ಕಟ್ಟಿದರು. ಕೆಂಪು, ಹಳದಿ, ನೀಲಿ, ಗುಲಾಬಿ. ನಾನು ದಾರ ಕತ್ತರಿಸಿ ಕೊಡುತ್ತಿದ್ದೆ. ಚೋಕ್ ಎಳೆಯುವ ಗುಂಡಿ ಬಂತು, ಸ್ಟಾರ್ಟರ್ ಎಳೆಯುವ ಗುಂಡಿ ಬಂತು. ದೀಪದ ಸ್ವಿಚ್ಚು, ಕೀಲಿಯ ಸ್ವಿಚ್ಚು, ಎಣ್ಣೆಯ ಒತ್ತಡ ತೋರಿಸುವ ಪುಟ್ಟ ಮೀಟರು ಎಲ್ಲ ಒಂದೇ ತಗಡಿನಲ್ಲಿ ಕೂತಿದ್ದವು. ಎಣ್ಣೆ ಮೀಟರಿಗೆ ಬರುವ ತಾಮ್ರದ ಸಣ್ಣ ಕೊಳವೆಯನ್ನು ಉಸ್ತಾದರು ಮಗುವಿನ ಬೆರಳು ಬಿಡಿಸುವಂತೆ ಬಿಡಿಸಿದರು. ತಗಡು ಹಾಗೇ ಇಡಿಯಾಗಿ ಹೊರಬಂತು. ಅದನ್ನು ಹೊರಸಿನ ನಡುವೆ ಇಟ್ಟೆವು.

ಉಳಿದದ್ದು ಎರಡು ದೊಡ್ಡ ಮೀಟರು. ಒಂದು ಡ್ರೈವರಿನ ಮುಂದೆ, ಒಂದು ಪಕ್ಕದ ಸೀಟಿನ ಮುಂದೆ. ಎರಡೂ ಒಂದೇ ಅಳತೆ, ಒಂದೇ ಆಕಾರ. ಎರಡಕ್ಕೂ ಹಿಂದಿನಿಂದ ತಂತಿಯಲ್ಲ, ಒಳಗೇ ತಿರುಗುವ ಕೇಬಲ್ಲು ಬರುತ್ತಿತ್ತು. ಉಸ್ತಾದರು ಕೇಬಲ್ಲಿನ ತಲೆಯ ನಟ್ಟು ತಿರುಗಿಸಿ ಬಿಡಿಸಿ, ಕೇಬಲ್ಲುಗಳನ್ನು ಅವು ಇಂಜಿನ್ ಕಡೆಯಿಂದ ಒಳಬರುವ ತೂತುಗಳಲ್ಲೇ ತೂಗಲು ಬಿಟ್ಟರು.

"ಇದಕ್ಕ ದಾರ ಬ್ಯಾಡೇನ್ರಿ?" ಎಂದೆ.

"ಇದಕ್ಕ್ಯಾಕೋ? ಎರಡೇ ಅವ. ಒಂದು ಆ ಕಡಿ, ಒಂದು ಈ ಕಡಿ."

ಮೀಟರಿನೊಳಗಿನ ನೀರು ಬಸಿಯಲೆಂದು ಮುಖ ಕೆಳಗೆ ಮಾಡಿ, ಒಂದನ್ನು ಬೇವಿನ ಕಡೆಗೆ, ಒಂದನ್ನು ಬಾವಿಯ ಕಡೆಗೆ ಇಟ್ಟರು. ಉಬ್ಬಿದ ಹಲಗೆಯನ್ನು ಬಡಿಗೇರ ಕಾಕಾ ಹೆಗಲ ಮೇಲೆ ಹಾಕಿಕೊಂಡು ಹೊರಟರು. ಈಗ ಕಾರಿನ ಮುಂಭಾಗ ಹಲ್ಲೆಲ್ಲ ಕಿತ್ತ ಬಾಯಿಯ ಹಾಗಿತ್ತು. ಬಣ್ಣಬಣ್ಣದ ದಾರಗಳು ಜೋತಾಡುತ್ತಿದ್ದವು. ಅಷ್ಟು ದೊಡ್ಡ ಯಂತ್ರವನ್ನು ಒಬ್ಬ ಮನುಷ್ಯ ಹೀಗೆ ಬಿಚ್ಚಿಡಬಹುದು ಎನ್ನುವುದು ನನಗೆ ಹೊಸದು. ಊಟ ಮಾಡಿದ್ದೆನೋ ಇಲ್ಲವೋ ಆ ದಿನ ನೆನಪಿಲ್ಲ.

ಸಂಜೆ ಮೋಡ ಕವಿಯಿತು. ಮೊದಲ ಹನಿಗೇ ಉಸ್ತಾದರು, ನಾನು ಕೂಡಿ ಹೊರಸನ್ನು ಹಾಗೇ ಎತ್ತಿ ನೇರ ಒಳಗಿಟ್ಟೆವು. ಕಾರಿಗೆ ತಾಡಪತ್ರಿ ಹೊದಿಸಲು ಓಡಿದೆವು. ಮರುದಿನ ಬೆಳಿಗ್ಗೆ ಹೊರಸನ್ನು ಮತ್ತೆ ನೇರ ಹೊರಗೆ ತಂದು ಅದೇ ಜಾಗದಲ್ಲಿ ಇಟ್ಟೆವು.

ಮಂಗಳವಾರ ಮೀಟರು ತೊಳೆಯುವ ದಿನ. ಗಾಜು ಬಿಗಿದ ಉಂಗುರ ಬಿಚ್ಚಿ, ಸ್ಪಿರಿಟ್ಟಿನಲ್ಲಿ ಅದ್ದಿದ ಅರಳೆಯಿಂದ ಉಸ್ತಾದರು ಕೆಸರು ಒರೆಸಿದರು. ಹೊಲಿಗೆ ಯಂತ್ರದ ಎಣ್ಣೆಯನ್ನು ಕೋಳಿ ಪುಕ್ಕದ ತುದಿಯಿಂದ ಬಿಟ್ಟರು. ಕೆಸರಿನ ಅಡಿಯಿಂದ ಬಿಳಿ ಅಂಕಿಗಳು ಮೇಲೆದ್ದು ಬಂದವು. ಬೇವಿನ ಕಡೆಯ ಮೀಟರಿನಲ್ಲಿ ಮೈಲಿ. ಬಾವಿಯ ಕಡೆಯದರಲ್ಲಿ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎನ್ನುವ ಲೆಕ್ಕ.

"ನೋಡು, ವೇಗದ ಮೀಟರು ಡ್ರೈವರ್ ಮುಂದ. ಸರಿ ಅದ," ಎಂದರು ಉಸ್ತಾದರು. ನನಗೂ ಸರಿ ಎನಿಸಿತು. ಬಸ್ಸಿನಲ್ಲಿ, ಲಾರಿಯಲ್ಲಿ ಅದು ಇರುವುದೇ ಅಲ್ಲಿ.

ಬುಧವಾರ ಕಾಕಾ ಸಾಗವಾನಿ ಹಲಗೆ ತಂದರು. ತಂಬೂರಿಗೆ ಹಚ್ಚುವ ಅರಗಿನ ಮೆರುಗು ಹಚ್ಚಿದ್ದರು. ಮುಖ ಕಾಣುವಷ್ಟು ಹೊಳಪು. ಎರಡು ದೊಡ್ಡ ತೂತು, ನಡುವೆ ತಗಡಿನ ಜಾಗ, ಗುಂಡಿಗಳ ಸಣ್ಣ ತೂತು. ಮೀಟರು ಇಟ್ಟರೆ ಒತ್ತದೆ ಕೂತಿತು, ಅಲ್ಲಾಡಲಿಲ್ಲ.

"ಬಾರಿಸಿದ್ರ ನಾದ ಬರತದೇನೋ ನಿನ್ನ ಹಲಗಿ," ಎಂದರು ಉಸ್ತಾದರು.

"ನಿನ್ನ ಮುಳ್ಳು ಎದ್ದರ ಸಾಕು. ನಾದದ ಚಿಂತಿ ನಿನಗ್ಯಾಕ?"

ಗುರುವಾರ ಇಡೀ ದಿನ ಕೂರಿಸುವ ಕೆಲಸ. ಕೆಂಪಿಗೆ ಕೆಂಪು, ನೀಲಿಗೆ ನೀಲಿ. ಎಡದ ತೂತಿನಿಂದ ತೂಗುತ್ತಿದ್ದ ಕೇಬಲ್ಲು ಎಡದ ಮೀಟರಿಗೆ, ಬಲದ್ದು ಬಲದ ಮೀಟರಿಗೆ. ಸಂಜೆಗೆ ಎಲ್ಲ ಮುಗಿದು, ಬ್ಯಾಟರಿಯ ತಂತಿ ಮಾತ್ರ ಉಳಿಯಿತು. ಅದನ್ನು ಶುಕ್ರವಾರ ಬೆಳಿಗ್ಗೆ ಎಲ್ಲರ ಮುಂದೆ ಕೂಡಿಸುವುದೆಂದು ಉಸ್ತಾದರು ನಿಶ್ಚಯಿಸಿದರು. ಓಣಿಗೆಲ್ಲ ಹೇಳಿಯೂ ಬಿಟ್ಟರು.

ಶುಕ್ರವಾರ ಬೆಳಿಗ್ಗೆ ಅಂಗಳ ತುಂಬಿತು. ಪಿಂಜಾರರು ಬಂದರು, ಬಳೆಗಾರರು ಬಂದರು, ಮಸೀದಿಯ ಕಡೆ ಹೋಗುವವರು ನಿಂತರು, ಎದುರು ಮನೆಯ ಜಂಗಮರು ಕಟ್ಟೆಯ ಮೇಲೆ ಕೂತರು. ಗೋಡೆಯ ಆಚೆ ಹೆಂಗಸರ ಸೆರಗುಗಳು ಕಾಣುತ್ತಿದ್ದವು. ಉಸ್ತಾದರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಬ್ಯಾಟರಿಯ ತಂತಿ ಕೂಡಿಸಿ, ಸೀಟಿನಲ್ಲಿ ಕೂತರು. ಕೀಲಿ ತಿರುಗಿಸಿದರು. ಕೆಂಪು ದೀಪ ಹತ್ತಿತು. "ಆಹಾ," ಎಂದಿತು ಅಂಗಳ. ಚೋಕ್ ಎಳೆದು ಸ್ಟಾರ್ಟರ್ ಎಳೆದರು. ಇಂಜಿನ್ ಒಮ್ಮೆ ಕೆಮ್ಮಿ ಗುಡುಗಿತು. ಬೇವಿನ ಮರದ ಕಾಗೆಗಳು ಹಾರಿದವು.

ಎಣ್ಣೆಯ ಮುಳ್ಳು ಎದ್ದಿತು. ಅದರ ಹಿಂದೆಯೇ ಉಸ್ತಾದರ ಮುಂದಿನ ದೊಡ್ಡ ಮುಳ್ಳೂ ಎದ್ದಿತು.

"ಎದ್ದಿತು! ಎದ್ದಿತು!" ಎಂದು ಕೂಗಿದವನು ನಾನೇ ಇರಬೇಕು.

ಬಡಿಗೇರ ಕಾಕಾ ಬಾಗಿಲ ಮೇಲೆ ಬಾಗಿ, ತಾವು ಮಾಡಿದ ಹಲಗೆ ನೋಡುತ್ತಿದ್ದವರು, ಮೀಟರು ನೋಡಿದರು. "ಉಸ್ತಾದಾ, ಇದೆಷ್ಟು?"

"ಇಪ್ಪತ್ತು ಮೈಲಿ."

"ಎಲ್ಲಿಗೆ ಹೊಂಟೀದಿ?"

ಉಸ್ತಾದರು ಮೀಟರಿನ ಕಡೆಗೆ ಬಾಗಿದರು. ಕಾಲು ಒತ್ತಿದರು. ಇಂಜಿನ್ ಕೂಗಿತು. ಮುಳ್ಳು ನಲವತ್ತು ದಾಟಿತು, ಐವತ್ತು ದಾಟಿತು. ಕಾರು ಅಂಗುಲ ಕದಲಿರಲಿಲ್ಲ. ಚಕ್ರಕ್ಕೆ ಕೊಟ್ಟ ಕಲ್ಲು ಹಾಗೇ ಇತ್ತು.

ಬಳೆಗಾರರ ಪೈಕಿ ಒಬ್ಬರು ಜೋರಾಗಿ ಹೇಳಿದರು, "ಉಸ್ತಾದ್ ನಿಂತಲ್ಲೇ ಹೈದರಾಬಾದ್ ಮುಟ್ಟತಾನ್ರೋ!"

ಅಂಗಳವೆಲ್ಲ ನಕ್ಕಿತು. ಬಾಗಿಲಲ್ಲಿ ನಿಂತಿದ್ದ ಉಸ್ತಾದರ ಹೆಂಡತಿ ಒಳಗೆ ಹೋದರು. ಉಸ್ತಾದರು ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದರು. ಮುಳ್ಳು ಸೊನ್ನೆಗೆ ಬಿದ್ದಿತು. ಅವರ ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿತ್ತು.

ಸ್ಟಿಯರಿಂಗ್ ಬಿಟ್ಟು ತಟ್ಟನೆ ಇಳಿದರು. "ಕಲ್ಲು ತಗೀರಿ. ನೂಕ್ರಿ ಗಾಡಿ. ಬಡಿಗ್ಯಾ, ನೀ ಒಳಗ ಕೂತು ಆ ಕಡಿ ಮೀಟರ್ ನೋಡು."

ಇಂಜಿನ್ ನಿಲ್ಲಿಸಿಯೇ ಗೇರು ಬಿಡಿಸಿ, ಹತ್ತಾರು ಜನ ಕಾರನ್ನು ನೂಕಿದೆವು. ಅಂಗಳದ ಬಾಗಿಲು ದಾಟಿ ಓಣಿಯ ಇಳಿಜಾರಿಗೆ ಬಂದಾಗ ಅದು ತಾನೇ ಓಡತೊಡಗಿತು. ಉಸ್ತಾದರು ಹೊರಗಿನಿಂದಲೇ ಸ್ಟಿಯರಿಂಗ್ ಹಿಡಿದು, ನಾವು ಹಿಂದೆ ಹಿಡಿದು ಓಡಿದೆವು. ಕಾಕಾ ಪಕ್ಕದ ಸೀಟಿನಲ್ಲಿ ಎರಡೂ ಕೈಯಿಂದ ತಮ್ಮ ಹಲಗೆ ಹಿಡಿದು ಕೂಗಿದರು: "ಇಂಜಿನ್ ಸತ್ತದ, ಇಂಜಿನ್ನಿನ ಮುಳ್ಳು ಕುಣಿಯಾಕತ್ತದಲ್ಲೋ!"

ಉಸ್ತಾದರು ಕೈಬ್ರೇಕ್ ಎಳೆದು ರಸ್ತೆಯ ಮಧ್ಯೆ ನಿಂತುಬಿಟ್ಟರು. ಅವರ ಮುಖ ಬದಲಾಯಿತು. ಗಾಡಿಯನ್ನು ಹಿಂದಕ್ಕೆ ನೂಕುತ್ತಿರುವಾಗಲೇ ನನಗೆ ಬಿಡಿಸಿ ಹೇಳಿದರು. ಚಕ್ರದಿಂದ ತಿರುಗುವ ಕೇಬಲ್ಲು ಪಕ್ಕದ ಸೀಟಿನ ಮೀಟರಿಗೆ ಬರುತ್ತಿದೆ. ಇಂಜಿನ್ನಿನಿಂದ ತಿರುಗುವ ಕೇಬಲ್ಲು ಡ್ರೈವರಿನ ಮುಂದಿನದಕ್ಕೆ ಬರುತ್ತಿದೆ. ಕೇಬಲ್ಲುಗಳನ್ನು ಅವರು ತೂತಿನಿಂದ ತೆಗೆದೇ ಇರಲಿಲ್ಲ. ಹಾಗಾದರೆ ಅದಲುಬದಲಾಗಿರುವುದು ಮೀಟರುಗಳು.

"ಆದ್ರ ಹ್ಯಾಂಗ? ಬೇಂವಿನಗಿಡದ ಕಡಿದು ಇಲ್ಲಿ ಹಾಕೀನಿ, ಬಾವಿ ಕಡಿದು ಅಲ್ಲಿ ಹಾಕೀನಿ. ನೀನೂ ನೋಡೀದಿ, ಹೌದಲ್ಲೋ?"

"ಹೌದ್ರಿ."

"ಮತ್ತ ವೇಗದ ಮೀಟರು ಯಾವ ಹುಚ್ಚ ಬಾಜೂ ಸೀಟಿನ ಮುಂದ ಇಡತಾನ?"

ಇದು ಸುಲಭದ ಪ್ರಶ್ನೆಯಾಗಿರಲಿಲ್ಲ. ಕೇಬಲ್ಲುಗಳೇ ಮೊದಲಿನಿಂದ ತಪ್ಪಾಗಿದ್ದು, ಸಾಹೇಬರಿಗೆ ಅದು ಗೊತ್ತಿಲ್ಲದೆ ಇದ್ದಿರಲೂಬಹುದು. ಮೀಟರು ತಿರುವಿ ಹಾಕಿ, ಅದು ತಪ್ಪಾದರೆ, ಸಾಹೇಬರು ಕಾರಿನಲ್ಲಿ ಕೂರುತ್ತಲೇ ಪರೀಕ್ಷೆ ಮುಗಿಯುತ್ತಿತ್ತು. ಕೇಳೋಣವೆಂದರೆ ಅವರು ಹೈದರಾಬಾದಿನ ಬಸ್ಸಿನಲ್ಲಿದ್ದರು. ಜುಮ್ಮಾ ನಮಾಜಿಗೆ ಹೆಚ್ಚು ಹೊತ್ತಿರಲಿಲ್ಲ. ನಮಾಜು ಮುಗಿದ ಕೂಡಲೇ ಹೊರಡಬೇಕಿತ್ತು.

ಗುರುವಾರ ಖಾಲಿಯಾದ ಮೇಲೆ ಹೇಗೋ ಎಳೆದು ಹಾಕಿದ್ದ ಹೊರಸಿನ ಮೇಲೆ ಉಸ್ತಾದರು ಕುಸಿದು ಕೂತರು. ಆಗ ಅವರ ತಾಯಿ ನೀರಿನ ತಂಬಿಗೆ ಹಿಡಿದು ಹೊರಗೆ ಬಂದರು. ಬಂದವರು ಮಗನಿಗೆ ನೀರು ಕೊಡುವ ಮೊದಲು ಹೊರಸನ್ನು ನೋಡಿದರು.

"ಮತ್ತ ತಿರುವಿ ಇಟ್ಟೀರಿ ಏನು ಇದನ್ನ?"

"ಏನಮ್ಮಾ?"

"ಸೋಮವಾರ ಒಳಗ ತಂದಿಟ್ಟಾಗ ಇದರ ಕಾಲ್ದೆಸಿ ಖಿಬ್ಲಾ ಕಡಿ ಇತ್ತು. ನಾ ಮತ್ತ ಸೊಸಿ ಕೂಡಿ ತಿರುವಿ ಇಟ್ಟಿದ್ದೆವಲ್ಲ."

ನಮಾಜಿಗೆ ಮುಖ ಮಾಡುವ ದಿಕ್ಕು ಖಿಬ್ಲಾ. ನಮ್ಮ ಕಡೆ ಅದು ಪಶ್ಚಿಮ. ಆ ಮನೆಗಳಲ್ಲಿ ಅತ್ತ ಕಾಲು ಮಾಡಿ ಯಾರೂ ಮಲಗುವುದಿಲ್ಲ. ಹೊರಸಿಗೆ ತಲೆದೆಸೆ ಬೇರೆ, ಕಾಲ್ದೆಸೆ ಬೇರೆ. ಹಗ್ಗ ಬಿಗಿಯುವ ತುದಿಯೇ ಕಾಲ್ದೆಸೆ. ನೋಡಿದರೆ ಯಾರಿಗೂ ತಿಳಿಯುತ್ತದೆ. ಸೋಮವಾರ ಆ ತುದಿ ಪಶ್ಚಿಮಕ್ಕೆ, ಬೇವಿನ ಕಡೆಗಿತ್ತು. ಮಂಗಳವಾರ ಬಾವಿಯ ಕಡೆಗೆ. ನಮ್ಮ ಕಣ್ಣು ಮೀಟರುಗಳ ಮೇಲಿತ್ತು.

"ಅದರ ಮ್ಯಾಲ ಮೀಟರು ಮಲಗಿದ್ದವು ಅಮ್ಮಾ! ಮನುಷ್ಯಾ ಮಲಗಿರಲಿಲ್ಲ!"

"ಅಂಗಳದಾಗ ಅದು ನಿನ್ನ ಮೇಜು. ಏನರೆ ಮಾಡ್ಕೋ, ನಾ ಅಂದೇನೇನು? ಒಳಗ ಬಂತಂದ್ರ ಹೊರಸು," ಎಂದರು ತಾಯಿ. "ಒಂದು ಸಾಮಾನು ಅಲ್ಲಾಡಿಸಿಲ್ಲ. ಹೂವಿನ್ಹಂಗ ಎತ್ತಿ ತಿರುವೀವಿ."

ಉಸ್ತಾದರು ತಂಬಿಗೆ ಇಸಿದುಕೊಂಡು ನೀರು ಕುಡಿಯಲಿಲ್ಲ, ತಲೆಯ ಮೇಲೆ ಸುರಿದುಕೊಂಡರು. ಆಮೇಲೆ ನಗತೊಡಗಿದರು. ಬಡಿಗೇರ ಕಾಕಾ ನಕ್ಕರು, ಕಟ್ಟೆಯ ಮೇಲಿನ ಜಂಗಮರು ನಕ್ಕರು. ತಾಯಿ ಮಾತ್ರ ನಗಲಿಲ್ಲ. ಯಾಕೆ ನಗುತ್ತಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಉಸ್ತಾದಾ, ಇನ್ನೊಮ್ಮೆ ವಿಚಾರ ಮಾಡು," ಎಂದರು ಕಾಕಾ. "ಓಡಿಸಾಂವಗ ವೇಗ ಕಾಣೂದಿಲ್ಲ, ಬಾಜೂ ಕೂತಾಂವಗ ಕಾಣತದ. ಇಂಗ್ರೇಜ ಆದ್ರೂ ಇಷ್ಟು ಹುಚ್ಚ ಇದ್ದಾನೇನು?"

"ಇಂಗ್ರೇಜನ್ನ ನಾ ಕಾಣೆ. ಅಮ್ಮ ಹೊರಸು ತಿರುವ್ಯಾಳ. ಅಂದ್ರ ಹಿಂಗೇ ಇತ್ತು," ಎಂದು ಉಸ್ತಾದರು ಅಂಗಿ ಕಳಚಿ ಬೇವಿನ ಕೊಂಬೆಗೆ ಹಾಕಿ, ಮತ್ತೆ ತಲೆ ಕೆಳಗೆ ಮಾಡಿ ನುಸುಳಿದರು.

ಸೋಮವಾರ ಅರ್ಧ ದಿನ ಹಿಡಿದ ಕೆಲಸ ಈ ಸಲ ಚುರುಕಾಗಿ ನಡೆಯಿತು. ಹಲಗೆ ತೆಗೆಯಲಿಲ್ಲ. ಬ್ಯಾಟರಿ ಬಿಡ್ಸು, ಪಾನಾ ಕೊಡು, ಕೈಬತ್ತಿ ಹಿಡಿ, ಅಲ್ಲಲ್ಲ, ಈ ಕಡೆ ಹಿಡಿ. ನಾನೂ ಇನ್ನೊಂದು ಬದಿಯಿಂದ ಅಡಿಗೆ ಹೋಗಿ, ಮೀಟರು ಬೀಳದ ಹಾಗೆ ಒತ್ತಿ ಹಿಡಿದೆ. ನನ್ನ ಮೂಗಿನ ಮೇಲೆ ಎಣ್ಣೆ ತೊಟ್ಟಿಕ್ಕಿತು. ಮೇಲೆ ಕಾಕಾ, "ನನ್ನ ಮೆರುಗಿಗೆ ಗೀರು ಬಿದ್ದರ ನೋಡ್ರಿ ಮತ್ತ," ಎನ್ನುತ್ತಲೇ ಇದ್ದರು. ಅಜಾನ್ ಕೇಳಿದಾಗ ಕೊನೆಯ ನಟ್ಟು ಬಿಗಿಯಿತು. ಉಸ್ತಾದರು ಇಂಜಿನ್ ಎಬ್ಬಿಸಿದರು. ಅವರ ಮುಂದಿನ ಮುಳ್ಳು ಇಂಜಿನ್ನಿನ ಸುತ್ತು ತೋರಿಸಿತು. ಆ ಕಡೆಯ ಮೈಲಿಯ ಮುಳ್ಳು ಸೊನ್ನೆಯಲ್ಲಿ ಅಲುಗದೆ ಮಲಗಿತ್ತು. ಯಾರೂ ಕೂಗಲಿಲ್ಲ. ಇಂಜಿನ್ ನಿಲ್ಲಿಸಿ, ಕೈ ತೊಳೆದು ಅವರು ಮಸೀದಿಗೆ ಓಡಿದರು.

ನಮಾಜು ಮುಗಿಸಿ ಬಂದು ಹೊರಟೆವು. ನಾನು ಪಕ್ಕದ ಸೀಟಿನಲ್ಲಿ. ನೆಲಕ್ಕೆ ಕೈ ಮುಟ್ಟುವಷ್ಟು ಕೆಳಗೆ ಕೂತಿದ್ದೆ. ಊರು ದಾಟಿ ರಸ್ತೆ ತೆರೆದಾಗ ಉಸ್ತಾದರು ಗೇರು ಬದಲಿಸಿದರು. ನನ್ನ ಮುಂದಿನ ಮುಳ್ಳು ನಡುಗಿ, ಎದ್ದು, ಮೇಲೆ ಹತ್ತತೊಡಗಿತು.

"ಹೇಳು!" ಎಂದು ಗಾಳಿಯಲ್ಲಿ ಕೂಗಿದರು. "ನನಗ ಕಾಣೂದಿಲ್ಲ!"

"ಇಪ್ಪತ್ತು! ಇಪ್ಪತ್ತೈದು!"

"ಜೋರಾಗಿ ಹೇಳೋ!"

"ಮೂವತ್ತೈದು! ನಲವತ್ತು ಉಸ್ತಾದ್, ನಲವತ್ತು!"

ಎರಡೂ ಕಡೆ ಹೆಸರುಕಾಳಿನ ಹೊಲ, ಕೆಂಪು ಮಣ್ಣು. ಕಾಯಿ ಬಿಡಿಸುತ್ತಿದ್ದ ಹೆಂಗಸರು ಎದ್ದು ನಿಂತು ನೋಡಿದರು. ನನ್ನ ಟೋಪಿ ಹಾರಿತು. ಉಸ್ತಾದರು ನಿಲ್ಲಿಸಲಿಲ್ಲ, ನಾನೂ ಕೇಳಲಿಲ್ಲ. ಹಳ್ಳ ಬಂದಾಗ ಮಾತ್ರ ನಿಲ್ಲಿಸಿದರು. ನೀರು ಇಳಿದಿತ್ತು. ಆದರೂ ನಾನು ಧೋತರ ಎತ್ತಿ ಕಟ್ಟಿ ಮುಂದೆ ನಡೆದೆ. ಅವರು ನನ್ನ ಹಿಂದೆ ಮೊಣಕಾಲುದ್ದ ನೀರಿಗೂ ಭಯಪಡುತ್ತ ಗಾಡಿ ದಾಟಿಸಿದರು. ದಡ ಹತ್ತಿದ ಮೇಲೆ ಇಬ್ಬರೂ ಒಟ್ಟಿಗೆ ಮೀಟರಿನ ಗಾಜು ನೋಡಿದೆವು. ಒಣಗಿತ್ತು.

ಹುಮನಾಬಾದ್ ಡಿಪೋದಲ್ಲಿ ಸಾಹೇಬರು ಮೊದಲೇ ಬಂದು ಕೂತಿದ್ದರು. ಕಾರಿನ ಹತ್ತಿರ ಬಂದು ಒಳಗೆ ಕೂತರು. ಹಲಗೆಯ ಮೇಲೆ ಬೆರಳು ಆಡಿಸಿದರು. ಚೋಕ್ ಎಳೆದು ಬಿಟ್ಟರು. ದೀಪ ಹಾಕಿ ಆರಿಸಿದರು. ಎಣ್ಣೆಯ ಮುಳ್ಳು ನೋಡಿದರು. ಆಮೇಲೆ ನನ್ನನ್ನು ಕರೆದು, ಏನಾಯಿತು ಎಂದರು.

ಆದದ್ದನ್ನು ಆದ ಹಾಗೆ ಹೇಳಿದೆ. ಸೋಮವಾರ ಹೊರಸಿನಿಂದ ಹಿಡಿದು ಶುಕ್ರವಾರದ ಅಜಾನಿನವರೆಗೆ. ಮೀಟರು ಮೊದಲು ತಪ್ಪಾಗಿ ಕೂತಿದ್ದನ್ನೂ ಹೇಳಿದೆ. ಆ ಮಾತು ಬಂದಾಗ ಉಸ್ತಾದರು ನನ್ನ ಕಡೆ ನೋಡಿ, ನೆಲದ ಕಡೆ ನೋಡಿದರು.

"ತಪ್ಪಾಗಿದೆ ಅಂತ ಹೇಗೆ ಗೊತ್ತಾಯ್ತು?" ಸಾಹೇಬರು ಉಸ್ತಾದರನ್ನು ಕೇಳಿದರು.

"ಗಾಡಿ ನಿಂತಲ್ಲೇ ಐವತ್ತು ಮೈಲಿ ಓಡಾಕತ್ತಿತ್ತು ಸಾಬ್."

"ವೇಗದ ಮೀಟರ್ ಪಕ್ಕದ ಸೀಟಿಗೆ ಹಾಕಿದಾಗ ಅನುಮಾನ ಬರಲಿಲ್ವಾ?"

"ಬಂತು ಸಾಬ್. ಖರೇ ಹೇಳ್ತೀನಿ, ಈಗೂ ಅದ. ಆದ್ರ ನಮ್ಮಮ್ಮ ಸುಳ್ಳು ಹೇಳೂದಿಲ್ಲ."

ಸಾಹೇಬರು ಪಕ್ಕದ ಸೀಟಿನ ಮೀಟರನ್ನು ತಟ್ಟಿದರು. "ಇದು ಇಲ್ಲೇ ಇರೋದು. ಮಾಡಿದವರೇ ಹೀಗೆ ಮಾಡಿದ್ದಾರೆ. ಇದು ಇಲ್ಲಿರೋದರಿಂದಲೇ ನನ್ನ ಹೆಂಡತಿ ಈ ಗಾಡಿ ಹತ್ತಲ್ಲ." ಕಾರಿನಿಂದ ಇಳಿದು ಬಾಗಿಲು ಹಾಕಿದರು. "ಸೋಮವಾರ ಬನ್ನಿ. ಷೆಡ್ಡಿನ ಕೀಲಿ ಇವನ ಹತ್ತಿರ ಇದೆ."

ಉಸ್ತಾದರು ಆ ಸಂಜೆಯ ಬಸ್ಸಿಗೇ ಕಲ್ಯಾಣಕ್ಕೆ ಹೊರಟರು. ಟಿಕೆಟ್ ನಾನೇ ಹರಿದು ಕೊಟ್ಟೆ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಿನ್ನ ಟೋಪಿ ಎಲ್ಲಿ ಬಿತ್ತು ನೆನಪದೇನು? ಹುಡುಕ್ಕೊಂಡ ಹೋಗತೀನಿ," ಎಂದರು. ಬಸ್ಸು ಹೊರಟ ಮೇಲೂ ಏನೋ ಕೂಗುತ್ತಿದ್ದರು, ಕೇಳಿಸಲಿಲ್ಲ.

ಭಾನುವಾರ ನಾನು ಕಲ್ಯಾಣಕ್ಕೆ ಹೋದಾಗ ಕಬ್ಬಿಣದ ಪೆಟ್ಟಿಗೆ ಬಿಚ್ಚಿತ್ತು. ಅದರ ಹಗ್ಗ ಬಾವಿಯ ರಾಟೆಯಲ್ಲಿತ್ತು.

1950ರ ಮಳೆಗಾಲದಲ್ಲಿ ನಾನು ಹುಮನಾಬಾದಿನ ಕೆಲಸ ಬಿಟ್ಟು ಪತ್ರಿಕೆಯೊಂದರ ಕಚೇರಿಗೆ ಸೇರಿದೆ. ಹೊರಡುವ ದಿನ ಡಿಪೋದ ಷೆಡ್ಡಿಗೆ ಹೋಗಿದ್ದೆ. ಉಸ್ತಾದರು ಬಸ್ಸಿನ ಅಡಿಯಲ್ಲಿದ್ದರು, ಪಾದಗಳು ಕಾಣುತ್ತಿದ್ದವು. ಬಿಚ್ಚಿದ ಸಾಮಾನು ಪಕ್ಕದ ಹೊರಸಿನ ಮೇಲಿತ್ತು. ಹೊರಸಿನ ಕಾಲ್ದೆಸೆ ಪೂರ್ವಕ್ಕಿತ್ತು. ತಲೆದೆಸೆಯ ಎರಡು ಕಾಲುಗಳಿಗೆ ಕೆಂಪು ಬಣ್ಣ ಬಳಿದಿತ್ತು.